ಹಳೆಯ ಬಾಗಿಲುಗಳ ಬಣ್ಣವೂ ಅದರೊಳಗಿನ ಸೀಸವೂ

ನಾಡಿನ ಇತಿಹಾಸವನ್ನು ಬರೆಯತಕ್ಕವರು ಶಿಲಾಶಾಸನಗಳನ್ನೂ ತಾಮ್ರಪಟಗಳನ್ನೂ ದಫ್ತರಗಳನ್ನೂ ಹುಡುಕುವದು ವಾಡಿಕೆಯಾಗಿದೆ. ಆದರೆ ನಮ್ಮ ಹಿರಿಯರು ದಿನಾಲು ಮುಟ್ಟಿ, ಅರಿಷಿಣ ಕುಂಕುಮವಿಟ್ಟು, ದಾಟಿ ನಡೆದ ತಲೆಬಾಗಿಲುಗಳನ್ನು ಓದುವವರು ತೀರ ವಿರಳ. ಹಳೆಯ ಬಾಗಿಲೊಂದರ ಮೂಲೆಯಲ್ಲಿ ಬಣ್ಣ ಸಿಪ್ಪೆಯೆದ್ದಿದ್ದರೆ ಅದರ ಅಂಚನ್ನು ನಿಟ್ಟಿಸಿ ನೋಡಿರಿ. ಮೇಲೊಂದು ಹೊಳಪಿನ ಬಣ್ಣ, ಅದರ ಕೆಳಗೆ ಹಸಿರು, ಅದರ ಕೆಳಗೆ ನೀಲಿ, ಎಲ್ಲಕ್ಕೂ ಕೆಳಗೆ ಎಣ್ಣೆ ಕುಡಿದು ಕಪ್ಪಾದ ಸಾಗವಾನಿ. ಒಂದೊಂದು ಪದರೂ ಒಂದೊಂದು ತಲೆಮಾರಿನದು. ಒಂದು ಮದುವೆಯ, ಒಂದು ಗೃಹಶಾಂತಿಯ, ಒಂದು ಒಳ್ಳೆಯ ಸುಗ್ಗಿಯ ನೆನಪು ಅಲ್ಲಿ ಅಂಟಿಕೊಂಡಿರುವದು. ಬಾಗಿಲು ಮನೆತನದ ವಂಶಾವಳಿಯೇ ಸರಿ.

ಈ ವಂಶಾವಳಿಯನ್ನು ಕೆರೆದು ತೆಗೆಯುವ ಉತ್ಸಾಹವು ಸಾಂಪ್ರತ ಎಲ್ಲೆಡೆ ಹೆಚ್ಚುತ್ತಲಿದೆ. ಹಳೆಯ ಕಟ್ಟಿಗೆಯ ಮೂಲರೂಪವನ್ನು ಕಾಣಬೇಕೆಂಬ ಹಂಬಲವು ಕೆಲವರಿಗೆ; ಹಳೆಯ ಚೌಕಟ್ಟನ್ನು ಒಳ್ಳೆಯ ಬೆಲೆಗೆ ಮಾರಬೇಕೆಂಬ ಲೆಕ್ಕವು ಕೆಲವರಿಗೆ. ಮೇಲಾಗಿ ೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕ ಪಟ್ಟಣದೊಳಕ್ಕೂ ನದಿಯ ಕೆಳದಂಡೆಯ ಹಳ್ಳಿಗಳೊಳಕ್ಕೂ ನುಗ್ಗಿದಾಗ ಎಷ್ಟೋ ಹಳೆಯ ಮನೆಗಳು ನೆಲಕಚ್ಚಿದವು. ನಿಂತ ಮನೆಗಳ ಕಟ್ಟಿಗೆಯು ನೀರುಂಡಿತು. ನೀರುಂಡು ಒಣಗಿದ ಕಟ್ಟಿಗೆಯ ಮೇಲಿನ ಬಣ್ಣವು ಬಿರಿದು ಸಿಪ್ಪೆಯೇಳುವದು ಸಹಜವೇ ಆಗಿದೆ. ಹೀಗೆ ಅನೇಕ ಕಾರಣಗಳಿಂದ ಬಣ್ಣ ತೆಗೆಯುವ ಕೆಲಸವು ಮನೆಯ ಯಜಮಾನನಿಗೆ ಒದಗುವದು. ಕೆಲಸವು ಸಣ್ಣದಾಗಿ ತೋರುವದು. ಆದರೆ ಅದರಲ್ಲಿ ಮನೆಯ ಕೂಸುಗಳ ಬುದ್ಧಿಯೂ ಕೆಲಸಗಾರನ ಆಯುಷ್ಯವೂ ಅಡಗಿರುವವು. ಆ ಹಳೆಯ ಬಣ್ಣದೊಳಗೆ ಸೀಸವೆಂಬ ವಿಷಲೋಹವು ಇರುವದೇ ಇದಕ್ಕೆ ಕಾರಣ. ಈ ವಿಷವು ನಮ್ಮ ಬಾಗಿಲಿಗೆ ಹೇಗೆ ಬಂದಿತು, ಅದನ್ನು ಹೇಗೆ ಕಳುಹಿಸಿಕೊಡಬೇಕು ಎಂಬೆರಡು ಮಾತುಗಳನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಗಳ ಕಟ್ಟಿಗೆಯನ್ನು ನೋಡೋಣ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳೆಯ ಮನೆಗಳಲ್ಲಿ ಗೋಡೆಗಳು ಕಲ್ಲುಮಣ್ಣಿನವು. ಮೇಲೆ ಜಂತಿ ಹಾಸಿ ಮಣ್ಣು ಮುಚ್ಚಿದ ಮಾಳಿಗೆ. ಇವುಗಳ ವೈಭವವೆಲ್ಲ ಕಟ್ಟಿಗೆಯಲ್ಲಿಯೇ ಇರುವದು. ಪಡಸಾಲೆಯ ಕಂಬಗಳು, ಅವುಗಳ ಮೇಲಿನ ಕೆತ್ತನೆಯ ಬೋದಿಗೆಗಳು, ತೊಲೆಗಳು, ದೇವರ ಕೋಣೆಯ ಬಾಗಿಲು, ತೊಟ್ಟಿಲು ಕಟ್ಟುವ ಕೊಂಡಿಯ ತೊಲೆ, ಇವೇ ಮನೆಯ ಸಿರಿ. ದೇಸಾಯರ ವಾಡೆಗಳಲ್ಲಿ ಇದೇ ಸಿರಿಯು ಇಮ್ಮಡಿಯಾಗಿ ಕಾಣುವದು. ಖಾನಾಪುರದ ಕಡೆಯ ಕಾಡು ಜಿಲ್ಲೆಯಲ್ಲಿಯೇ ಇದ್ದುದರಿಂದ ಸಾಗವಾನಿಯು ಶ್ರೀಮಂತರಿಗೆ ದುರ್ಲಭವಾಗಿರಲಿಲ್ಲ. ಸಾಗವಾನಿಯಲ್ಲಿ ಸ್ವತಃ ಎಣ್ಣೆಯಂಶವಿದ್ದು ಅದಕ್ಕೆ ಹುಳ ಸುಲಭವಾಗಿ ತಾಕುವದಿಲ್ಲ. ಹಬ್ಬದಲ್ಲಿ ಎಣ್ಣೆ ಸವರಿ ಒರೆಸಿದರೆ ಅದಕ್ಕೆ ಬೇಕಾದ ಆರೈಕೆ ಮುಗಿಯಿತು. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ಕಟ್ಟಿಗೆಗೆ ಎಣ್ಣೆ, ಇದೇ ಹಳೆಯ ಕ್ರಮ. ಇದರಲ್ಲಿ ಸೀಸಕ್ಕೆ ಎಡೆಯಿರಲಿಲ್ಲ.

ಹೀಗೆಂದ ಮಾತ್ರಕ್ಕೆ ನಮ್ಮ ಪೂರ್ವಿಕರಿಗೆ ಸೀಸದ ಬಣ್ಣವೇ ಗೊತ್ತಿರಲಿಲ್ಲವೆಂದು ತಿಳಿಯಬಾರದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮದ ಸಾಹಿತ್ಯವನ್ನು ವಿವರಿಸಿರುವನು. ಎಮ್ಮೆಯ ತೊಗಲನ್ನು ಕುದಿಯಿಸಿ ಮಾಡುವ ವಜ್ರಲೇಪ, ಶಂಖದ ಬಿಳುಪು, ಅರಗಿನ ಕೆಂಪು, ಕಾವಿಕಲ್ಲಿನ ಕೆಂಪು, ಇಂಗಳೀಕ, ಹರಿತಾಳದ ಹಳದಿ, ಕಾಡಿಗೆಯ ಕಪ್ಪು ಇವೆಲ್ಲ ಅಲ್ಲಿ ಬರುವವು. ಇವುಗಳಲ್ಲಿ ಇಂಗಳೀಕವು ಪಾದರಸದ್ದು, ಹರಿತಾಳವು ಪಾಷಾಣದ್ದು. ಆದುದರಿಂದ ಹಳೆಯದೆಲ್ಲವೂ ನಿರ್ದೋಷವಾಗಿತ್ತೆಂದು ಹೆಮ್ಮೆ ಪಡುವದಕ್ಕೆ ಕಾರಣವಿಲ್ಲ. ಸಿಂಧೂರವಂತೂ ಸೀಸದಿಂದಲೇ ಆದದ್ದು. ಅಮರಕೋಶವು ಅದನ್ನು ‘ನಾಗಸಂಭವ’ವೆಂದು ಕರೆದಿದೆ, ನಾಗವೆಂದರೆ ಸೀಸ. ಅದೇ ಶಬ್ದವು ಹಾವಿಗೂ ಹೆಸರಾಗಿರುವದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಉಪಮೆಯು ಮುಂದೆ ನಮಗೆ ಉಪಯೋಗಕ್ಕೆ ಬರುವದು. ಆದರೆ ಈ ಬಣ್ಣಗಳೆಲ್ಲ ಬೆಲೆಯುಳ್ಳವು. ಚಿತ್ರಗಾರನು ಅವನ್ನು ಮೂರ್ತಿಗೂ ಪಟಕ್ಕೂ ಗುಂಜಿಯ ಲೆಕ್ಕದಲ್ಲಿ ಬಳಸುತ್ತಿದ್ದನು. ಆಳೆತ್ತರದ ಬಾಗಿಲಿಗೆ ಸೇರುಗಟ್ಟಲೆ ಬಳಿಯುತ್ತಿರಲಿಲ್ಲ.

ಚಿತ್ರಗಾರರ ಮಾತು ಬಂದಾಗ ಗೋಕಾಕದ ಗೊಂಬೆಗಳನ್ನು ಮರೆಯುವದು ಹೇಗೆ? ಹಗುರಾದ ಕಟ್ಟಿಗೆಯಿಂದಲೂ ಊರ ಸಮೀಪದ ಒಂದು ಬಗೆಯ ಮಣ್ಣಿನಿಂದಲೂ ಮಾಡಿದ ಮನುಷ್ಯಾಕೃತಿಗಳಿಗೂ ಹಣ್ಣುಗಳಿಗೂ ಗೋಕಾಕವು ಹೆಸರಾಗಿರುವದನ್ನು ಬ್ರಿಟಿಷರ ಕಾಲದ ಗೆಝೆಟಿಯರುಗಳೂ ಹೇಳಿವೆ. ಅಲ್ಲಿಯ ಕುಶಲಿಗಳು ಮಾಡಿದ ಮಾವಿನಹಣ್ಣನ್ನು ಬುಟ್ಟಿಯ ನಿಜವಾದ ಹಣ್ಣುಗಳ ನಡುವೆ ಇಟ್ಟರೆ ಕಣ್ಣು ಮೋಸಹೋಗುವದು. ಕೂಸು ಅದನ್ನು ಕಂಡೊಡನೆ ಬಾಯಿಗೆ ಒಯ್ಯುವದು. ಇದೊಂದು ಸಂಗತಿಯಲ್ಲಿಯೇ ಬಣ್ಣದ ಇತಿಹಾಸದ ತಿರುಳಿದೆ. ಹಿರಿಯರಿಗೆ ಬಣ್ಣವೆಂದರೆ ನೋಡುವ ವಸ್ತು. ಕೂಸಿಗೆ ಅದು ಬಾಯಿಯಿಂದ ತಿಳಿಯತಕ್ಕ ವಸ್ತು. ಗೊಂಬೆಗೆ ಸಲ್ಲುವ ಈ ಮಾತು ಕಿಟಕಿಯ ಸರಳಿಗೂ ತೊಟ್ಟಿಲ ಪಟ್ಟಿಗೂ ಸಲ್ಲುವದು.

ಇನ್ನು ಎಣ್ಣೆಬಣ್ಣದ ಮಾತು. ಸೀಸದ ತಗಡುಗಳನ್ನು ಹುಳಿರಸದ ಹಬೆಗೆ ಒಡ್ಡಿದರೆ ಅವುಗಳ ಮೇಲೆ ಬಿಳಿಯ ಹಿಟ್ಟು ಕಟ್ಟುವದು. ಇದೇ ಸೀಸದ ಸಫೇದು. ಇದನ್ನು ಗ್ರೀಕರೂ ರೋಮನರೂ ಬಲ್ಲವರಾಗಿದ್ದರು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿಯಾದ ವಿಟ್ರೂವಿಯಸನು, ಸೀಸದ ಕೆಲಸಗಾರರ ಮೈಬಣ್ಣವು ಬಿಳಿಚಿಕೊಂಡಿರುವದನ್ನು ಕಂಡು, ಕುಡಿಯುವ ನೀರಿಗೆ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯೇ ಲೇಸೆಂದು ಬರೆದಿಟ್ಟನು. ಎರಡು ಸಾವಿರ ವರ್ಷಗಳ ಹಿಂದೆಯೇ ಕಣ್ಣಿಗೆ ಬಿದ್ದ ಸತ್ಯವಿದು. ಆದರೂ ಲೋಕವು ಈ ಬಣ್ಣವನ್ನು ಬಿಡಲಿಲ್ಲ. ಏಕೆಂದರೆ ಅಗಸಿಯೆಣ್ಣೆಯಲ್ಲಿ ಅರೆದ ಸೀಸದ ಸಫೇದಿನಷ್ಟು ಚೆನ್ನಾಗಿ ಕಟ್ಟಿಗೆಗೆ ಹತ್ತುವ, ಬಿಸಿಲು ಮಳೆಗಳನ್ನು ತಾಳುವ, ಕೆಳಗಿನದನ್ನು ಪೂರ್ಣವಾಗಿ ಮರೆಮಾಡುವ ಬಣ್ಣವು ಬಹುಕಾಲದವರೆಗೆ ಬೇರೊಂದಿರಲಿಲ್ಲ. ಎಣ್ಣೆಯು ಬೇಗ ಒಣಗಲೆಂದೂ ಸೀಸವನ್ನೇ ಬೆರೆಸುತ್ತಿದ್ದರು. ೧೯ನೆಯ ಶತಮಾನದಲ್ಲಿ ಸೀಸದ ಕ್ರೋಮೇಟಿನ ಹಳದಿಯು ಸೇರಿಕೊಂಡಿತು. ಅದಕ್ಕೆ ನೀಲಿ ಕೂಡಿಸಿ ಹಸಿರನ್ನು ಮಾಡಿದರು. ಹೀಗೆ ಬಿಳುಪಿನಲ್ಲಿ, ಹಳದಿಯಲ್ಲಿ, ಹಸಿರಿನಲ್ಲಿ, ಕಬ್ಬಿಣದ ತುಕ್ಕು ತಡೆಯುವ ಕೇಸರಿಗೆಂಪಿನಲ್ಲಿ, ಎಲ್ಲೆಡೆಯೂ ಸೀಸವೇ ನೆಲೆಗೊಂಡಿತು.

ನಮ್ಮ ಭಾಗಕ್ಕೆ ಈ ಡಬ್ಬಿಯ ಬಣ್ಣವು ಹೊಸ ಕಾಲದೊಡನೆ ಬಂದಿತು. ೧೮೮೦ರ ದಶಕದಲ್ಲಿ ರೈಲುಮಾರ್ಗವು ಬೆಳಗಾವಿ ಜಿಲ್ಲೆಯನ್ನು ಹೊಕ್ಕಿತು. ಅದೇ ದಶಕದಲ್ಲಿ ಗೋಕಾಕ ಜಲಪಾತದ ಮಗ್ಗುಲಲ್ಲಿ ನೂಲಿನ ಗಿರಣಿಯು ಎದ್ದಿತು. ರೈಲಿನ ನಿಲ್ದಾಣ, ಕಚೇರಿ, ಬಂಗಲೆಗಳೊಡನೆ ಹೊಳೆಯುವ ಬಾಗಿಲಿನ ಅಭಿರುಚಿಯೂ ಬಂದಿತೆಂಬದು ಸಹಜ. ೧೯೦೨ರಲ್ಲಿ ಹೌರಾದಲ್ಲಿ ಶಾಲಿಮಾರ್ ಬಣ್ಣದ ಕಾರಖಾನೆಯು ಸ್ಥಾಪಿತವಾದ ಮೇಲೆ ದೊಡ್ಡ ಪ್ರಮಾಣದ ಬಣ್ಣದ ತಯಾರಿಕೆಯು ದೇಶದೊಳಗೇ ಬೇರೂರಿತು. ೧೯೪೨ರಲ್ಲಿ ಮುಂಬಯಿಯಲ್ಲಿ ಏಶಿಯನ್ ಪೇಂಟ್ಸ್ ಹುಟ್ಟಿತು. ಎಣ್ಣೆ ಸವರುವ ಹಬ್ಬದ ಕೆಲಸದ ಜಾಗದಲ್ಲಿ ಮದುವೆಗೊಮ್ಮೆ ಬಣ್ಣ ಬಳಿಸುವ ಪದ್ಧತಿಯು ನೆಲೆಗೊಂಡಿತು. ಕೆತ್ತನೆಯ ಹೂಬಳ್ಳಿಗಳು ಬಣ್ಣದ ಪದರುಗಳಲ್ಲಿ ಮುಚ್ಚಿಹೋದವು. ಸಿರಿವಂತರ ಮನೆಗೆ ಈ ವಿಷವು ಅಲಂಕಾರದ ವೇಷದಲ್ಲಿ ಮೊದಲು ಬಂದಿತೆಂಬದು ಲಕ್ಷಿಸತಕ್ಕ ಸಂಗತಿ.

ಬಣ್ಣದಿಂದ ಕೂಸುಗಳಿಗೆ ವಿಷವೇರುವದನ್ನು ಲೋಕಕ್ಕೆ ತೋರಿಸಿಕೊಟ್ಟ ಕೀರ್ತಿಯು ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ವೈದ್ಯನಾದ ಲಾಕ್‌ಹಾರ್ಟ್ ಗಿಬ್ಸನನಿಗೆ ಸಲ್ಲುವದು. ಅಲ್ಲಿಯ ಮನೆಗಳು ಕಟ್ಟಿಗೆಯವು. ಪಡಸಾಲೆಗೆ ಬಣ್ಣದ ಕಟಾಂಜನ. ಬಿಸಿಲಿಗೆ ಆ ಬಣ್ಣವು ಹಿಟ್ಟಾಗಿ ಕೂಸುಗಳ ಕೈಗೆ ಹತ್ತುವದನ್ನೂ, ಕೈಯಿಂದ ಬಾಯಿಗೆ ಹೋಗುವದನ್ನೂ ಆತನು ೧೯೦೪ರಲ್ಲಿ ಬರೆದು ಪ್ರಕಟಿಸಿದನು. ಆ ಬಿಸಿಲು, ಆ ಪಡಸಾಲೆ, ಆ ಆಡುವ ಕೂಸು ನಮ್ಮಲ್ಲಿಯೂ ಇಲ್ಲವೆ? ೧೯೨೧ರಲ್ಲಿ ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಪರಿಷತ್ತು ಕಟ್ಟಡಗಳ ಒಳಭಾಗಕ್ಕೆ ಸೀಸದ ಸಫೇದನ್ನು ಬಳಿಯುವದನ್ನು, ಕೆಲವು ವಿನಾಯಿತಿಗಳನ್ನಿಟ್ಟು, ನಿಷೇಧಿಸುವ ಒಪ್ಪಂದವನ್ನು ಮಾಡಿತು. ಬಣ್ಣವನ್ನು ಒಣದಾಗಿ ಉಜ್ಜುವದರಿಂದಲೂ ಕೆರೆಯುವದರಿಂದಲೂ ಏಳುವ ಧೂಳಿಯ ಅಪಾಯವನ್ನು ತಡೆಯಬೇಕೆಂಬ ಮಾತೂ ಅದರಲ್ಲಿದೆ. ಅಂದರೆ ನಾನು ಈ ಲೇಖನದಲ್ಲಿ ಹೇಳುತ್ತಿರುವದು ನೂರು ವರ್ಷ ಹಳೆಯ ಬುದ್ಧಿವಾದವೇ.

ಆದರೂ ಕಾಯಿದೆಗಳು ನಿಧಾನವಾಗಿ ನಡೆದವು. ಅಮೇರಿಕೆಯು ಮನೆಯ ಬಣ್ಣದಲ್ಲಿ ಸೀಸವನ್ನು ೧೯೭೮ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಈ ಪ್ರಶ್ನೆಗೆ ಕರ್ನಾಟಕದಿಂದಲೇ ಕೂಗು ಎದ್ದದ್ದು ಅಭಿಮಾನದ ಮಾತು. ಬೆಂಗಳೂರಿನ ಜಾರ್ಜ್ ಫೌಂಡೇಶನ್ನಿನವರು ದೇಶದ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಯಿಸಿ, ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಪ್ರತಿ ನೂರು ಮಿಲಿಲೀಟರಿಗೆ ೧೦ ಮೈಕ್ರೋಗ್ರಾಮಿಗಿಂತ ಅಧಿಕ ಸೀಸವಿರುವದನ್ನು ತೋರಿಸಿದರು. ೧೯೯೯ರಲ್ಲಿ ಬೆಂಗಳೂರಿನಲ್ಲಿ ಈ ವಿಷಯಕ್ಕಾಗಿಯೇ ಅಂತರರಾಷ್ಟ್ರೀಯ ಸಮ್ಮೇಲನವು ಕೂಡಿತು. ಇದರಲ್ಲಿ ಮುಂದಾಳಾಗಿದ್ದ ಡಾ. ತುಪ್ಪಿಲ್ ವೆಂಕಟೇಶ ಅವರು ಮುಂದೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಸೀಸದ ವಿಷಬಾಧೆಯ ರಾಷ್ಟ್ರೀಯ ಕೇಂದ್ರವನ್ನು ನಡೆಸಿದರು. ೨೦೦೦ದಲ್ಲಿ ಪೆಟ್ರೋಲಿನೊಳಗಿನ ಸೀಸವು ದೇಶದಿಂದ ಹೋಯಿತು. ಮನೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ ೯೦ ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂಬ ನಿಯಮವು ೨೦೧೬ರ ನವೆಂಬರಿನಲ್ಲಿ ಹೊರಟು ಒಂದು ವರ್ಷದ ತರುವಾಯ ಜಾರಿಗೆ ಬಂದಿತು. ಹಳೆಯ ಸೀಸದ ಬಣ್ಣದಲ್ಲಿಯಾದರೋ ಒಣಗಿದ ಪದರಿನ ತೂಕದ ಅರ್ಧದವರೆಗೂ ಸೀಸವಿರುವ ಸಂಭವವುಂಟು. ಅರ್ಧವೆಂದರೆ ಹತ್ತು ಲಕ್ಷದಲ್ಲಿ ಐದು ಲಕ್ಷ! ಕಾಯಿದೆಯು ಹೊಸ ಡಬ್ಬಿಯನ್ನು ಆಳುವದು. ಈಗಾಗಲೇ ಬಾಗಿಲಿಗೆ ಹತ್ತಿರುವದನ್ನು ಆಳುವವನು ಮನೆಯ ಯಜಮಾನನೇ. ಆದುದರಿಂದ ೨೦೧೭ಕ್ಕಿಂತ ಮೊದಲು ಬಳಿದ ಯಾವ ಎಣ್ಣೆಬಣ್ಣವನ್ನಾದರೂ, ಪರೀಕ್ಷೆಯಾಗುವವರೆಗೆ ಸೀಸವುಳ್ಳದ್ದೆಂದೇ ಭಾವಿಸತಕ್ಕದ್ದು.

ಸೀಸವು ದೇಹದಲ್ಲಿ ಮಾಡುವದೇನು? ಅದು ಸುಣ್ಣದಂಶದ ವೇಷ ಹಾಕಿಕೊಂಡು ಎಲುಬಿನೊಳಗೆ ಸೇರಿ ಹತ್ತಾರು ವರ್ಷ ಕುಳಿತಿರುವದು. ಬಸುರಿಯ ಎಲುಬಿನಿಂದ ಹೊರಟು ಗರ್ಭದ ಶಿಶುವನ್ನು ಮುಟ್ಟುವದು. ದೊಡ್ಡವರಲ್ಲಿ ರಕ್ತದೊತ್ತಡ, ಮೂತ್ರಪಿಂಡಗಳ ಬೇನೆ, ಹೊಟ್ಟೆಶೂಲೆ, ಮಣಿಕಟ್ಟಿನ ಸೋಲು ಇವುಗಳಿಗೆ ಕಾರಣವಾಗುವದು. ಬಣ್ಣಗಾರರ ಶೂಲೆಯೆಂಬ ಹೆಸರೇ ಯುರೋಪಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿತ್ತು. ಕೂಸುಗಳ ಕರುಳು ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರುವ ಸಂಭವವುಂಟು. ಬೆಳೆಯುವ ಮಿದುಳಿಗೆ ತಗುಲಿದ ಊನವು ಮರಳಿ ತುಂಬಿಬರುವದಿಲ್ಲ. ಇಷ್ಟರವರೆಗೆ ನಿರಪಾಯವೆಂಬ ಪ್ರಮಾಣವೇ ಸೀಸಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಕೂಸು ಅಳುವದಿಲ್ಲ, ಜ್ವರ ಬರುವದಿಲ್ಲ. ಪಾಠದಲ್ಲಿ ಮಾತ್ರ ಹಿಂದೆ ಬೀಳುವದು. ಮನೆಯವರು ದೈವವನ್ನು ಹಳಿಯುವರು; ಬಾಗಿಲಿನತ್ತ ಯಾರ ಕಣ್ಣೂ ಹೋಗುವದಿಲ್ಲ.

ಇಲ್ಲಿ ನಮ್ಮ ನಾಗದ ಉಪಮೆಯನ್ನು ತರೋಣ. ಗಟ್ಟಿಯಾಗಿ ಕೂತ, ಬಿರಿಯದ, ಉದುರದ ಬಣ್ಣದೊಳಗಿನ ಸೀಸವು ಹುತ್ತದೊಳಗೆ ಮಲಗಿದ ಹಾವು. ಅದು ತಾನಾಗಿ ಬಂದು ಕಚ್ಚುವದಿಲ್ಲ. ಬಣ್ಣವನ್ನು ಧೂಳು ಮಾಡಿದಾಗ, ಹೊಗೆ ಮಾಡಿದಾಗ ಮಾತ್ರ ಅದು ಹೆಡೆಯೆತ್ತುವದು. ಹೀಗಿರಲು ಬಣ್ಣವಿದ್ದ ಐವತ್ತು ವರ್ಷಗಳಿಗಿಂತ ಅದನ್ನು ತೆಗೆಯುವ ಐದು ದಿನಗಳೇ ಹೆಚ್ಚು ಭಯಂಕರವಾಗಬಹುದು. ಈ ಒಂದು ಮಾತನ್ನು ತಿಳಿದರೆ ಉಳಿದ ವಿಧಿನಿಷೇಧಗಳೆಲ್ಲ ತಾವಾಗಿ ಹೊಳೆಯುವವು.

ನಿಷೇಧಗಳನ್ನು ಮೊದಲು ಹೇಳುವೆನು. ಮರಳುಕಾಗದದಿಂದ ಒಣದಾಗಿ ಉಜ್ಜಬಾರದು. ವಿದ್ಯುತ್ತಿನ ಉಜ್ಜುವ ಯಂತ್ರವಂತೂ ಬಣ್ಣವನ್ನು ಕಣ್ಣಿಗೆ ಕಾಣದ ಹಿಟ್ಟಾಗಿಸಿ ಮನೆಯ ತುಂಬ ಹರಡುವದು. ಬೆಂಕಿಯ ಜ್ವಾಲೆಯಿಂದ ಬಣ್ಣ ಸುಡಬಾರದು. ಸೀಸವು ಹೊಗೆಯಾಗಿ ನೇರವಾಗಿ ಪುಪ್ಪುಸವನ್ನು ಸೇರುವದು, ಒಣ ಕಟ್ಟಿಗೆಗೆ ಬೆಂಕಿ ತಗಲುವ ಭಯ ಬೇರೆ. ಕಾಸ್ಟಿಕ್ ಸೋಡೆಯ ತೊಟ್ಟಿಯಲ್ಲಿ ಬಾಗಿಲು ಮುಳುಗಿಸಿದರೆ ಸಾಗವಾನಿ ಕಪ್ಪಾಗಿ, ಎಳೆಯೆದ್ದು, ಸರಸು ಕರಗಿ ಕೀಲು ಸಡಿಲಾಗುವವು. ಡೈಕ್ಲೋರೋಮೀಥೇನ್ ಎಂಬ ದ್ರವವುಳ್ಳ ಬಣ್ಣದ ಕರಗುಗಳಂತೂ ಮುಚ್ಚಿದ ಕೋಣೆಯಲ್ಲಿ ತಮ್ಮ ಆವಿಯಿಂದಲೇ ಮನುಷ್ಯರನ್ನು ಕೊಂದ ಉದಾಹರಣೆಗಳುಂಟು. ಇವೆಲ್ಲಕ್ಕಿಂತ ನಮ್ಮ ಮನೆಗಳಿಗೆ ಹತ್ತಿರದ ನಿಷೇಧವೊಂದಿದೆ: ಬಣ್ಣ ಹತ್ತಿದ ಹಳೆಯ ಕಟ್ಟಿಗೆಯ ಚೂರುಗಳನ್ನು ಬಚ್ಚಲ ಒಲೆಗೆ ಹಾಕಬಾರದು. ಕಟ್ಟಿಗೆ ಉರಿಯುವದು, ಸೀಸ ಉರಿದುಹೋಗುವದಿಲ್ಲ. ಕೆಲವಂಶ ಹೊಗೆಯಲ್ಲಿಯೂ ಕೆಲವಂಶ ಬೂದಿಯಲ್ಲಿಯೂ ಉಳಿಯುವದು. ಅದೇ ಬೂದಿಯಿಂದ ಪಾತ್ರೆ ತಿಕ್ಕಿದರೆ, ಅದನ್ನೇ ತಿಪ್ಪೆಗೆ ಹಾಕಿ ಕಾಯಿಪಲ್ಲೆಯ ಮಡಿಗೆ ಚೆಲ್ಲಿದರೆ, ಬಾಗಿಲಿನ ವಿಷವು ಊಟದ ತಾಟಿಗೆ ಬಂದಂತಾಯಿತು.

ಇನ್ನು ವಿಧಿ. ಮೊದಲನೆಯದಾಗಿ, ತೆಗೆಯಲೇಬೇಕೆ ಎಂದು ವಿಚಾರಿಸಬೇಕು. ಬಣ್ಣವು ಗಟ್ಟಿಯಾಗಿದ್ದರೆ ತೊಳೆದು, ಅದರ ಮೇಲೆ ಸೀಸರಹಿತವಾದ ಹೊಸ ಬಣ್ಣವನ್ನು ಬಳಿದು ಮುಚ್ಚಿಬಿಡುವದೇ ಉತ್ತಮ. ಆದರೆ ಬಾಗಿಲಿನ ಅಂಚು, ಕಿಟಕಿಯ ಜಾಡು ಮುಂತಾದ ತಿಕ್ಕಾಡುವ ಸ್ಥಳಗಳಲ್ಲಿ ಇದು ನಿಲ್ಲುವದಿಲ್ಲ. ಎರಡನೆಯದಾಗಿ, ಪದರು ಪದರೂ ಬರುವಂತೆ ಒಂದು ಚಕ್ಕೆಯನ್ನು ತೆಗೆದು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಬೇಕು. ಮೂರನೆಯದಾಗಿ, ಬಾಗಿಲನ್ನು ಕೀಲಿನಿಂದ ಬಿಡಿಸಿ ವಾಸದ ಮನೆಯಿಂದ ಹೊರಗೆ ಒಯ್ಯಲು ಸಾಧ್ಯವಿದ್ದರೆ ಒಯ್ಯಬೇಕು. ಕಂಬ ತೊಲೆಗಳಂತೆ ಕದಲಿಸಲಾಗದವಿದ್ದರೆ ಕೂಸುಗಳನ್ನೂ ಬಸುರಿಯರನ್ನೂ ಕೆಲಸ ಮುಗಿದು ತೊಳೆಯುವವರೆಗೆ ಬೇರೆ ಮನೆಯಲ್ಲಿಡಬೇಕು, ಕಾಳುಕಡಿ, ಹಾಸಿಗೆ, ಪಾತ್ರೆಗಳನ್ನು ಸಾಗಿಸಬೇಕು, ಪಂಖ ನಿಲ್ಲಿಸಬೇಕು, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕೆಲಸದ ಸ್ಥಳದಿಂದ ಒಳಗಾದರೆ ಆರಡಿ, ಹೊರಗಾದರೆ ಹತ್ತಡಿಯವರೆಗೆ ಹಾಸಿ ಅಂಚುಗಳನ್ನು ಅಂಟಿಸಬೇಕು.

ಕೆಲಸವನ್ನು ಮಾತ್ರ ನೀರಿನಿಂದಲೇ ನಡೆಯಿಸಬೇಕು. ಬಣ್ಣಕ್ಕೆ ನೀರು ಚಿಮುಕಿಸಿ, ಅದು ತೇವವಾಗಿರುವಾಗಲೇ ಕೈಯುಳಿಯಿಂದ ಕೆರೆಯಬೇಕು. ಒಣಗಿದೊಡನೆ ಮತ್ತೆ ಚಿಮುಕಿಸಬೇಕು. ಬೋದಿಗೆಯ ಕೆತ್ತನೆಯಂಥ ಸಂದುಗಳಲ್ಲಿ, ಡೈಕ್ಲೋರೋಮೀಥೇನ್ ಇಲ್ಲದ, ಮುದ್ದೆಯಾಗಿ ಮೆತ್ತುವ ಕರಗನ್ನು ಗಾಳಿಯಾಡುವ ಸ್ಥಳದಲ್ಲಿ ಹಚ್ಚಿ, ಬಣ್ಣ ಮೆತ್ತಗಾದ ಮೇಲೆ ಕಟ್ಟಿಗೆಯ ಕಡ್ಡಿಯಿಂದ ತೆಗೆಯುವದು ಲೇಸು. ಸಮೀಪದಲ್ಲಿ ವಿದ್ಯುತ್ತಿನ ತಂತಿಯಿದ್ದರೆ ಮೊದಲೇ ಪ್ರವಾಹ ನಿಲ್ಲಿಸತಕ್ಕದ್ದು. ಮೋರೆಗೆ ಕಟ್ಟಿದ ಅರಿವೆಯು ಈ ಧೂಳನ್ನು ತಡೆಯಲಾರದು. ಪಿ-೧೦೦ ಇಲ್ಲವೆ ಪಿ-೩ ಎಂದು ಗುರುತಿಟ್ಟ ಸೋಸುಬಿಲ್ಲೆಯ ಮುಖವಾಡವೇ ಬೇಕು. ಕೆಲಸದ ನಡುವೆ ಉಣ್ಣುವದು, ಎಲೆ ಹಾಕುವದು, ಬೀಡಿ ಸೇದುವದು ಕೂಡದು. ಕಸಬರಿಗೆ ಮುಟ್ಟಬಾರದು. ಹಾಳೆಯ ಮೇಲಿನ ಕಸವನ್ನು ನೀರು ಚಿಮುಕಿಸಿ, ಹಾಳೆಯನ್ನು ಒಳಮುಖವಾಗಿ ಸುತ್ತಿ, ಚೀಲದಲ್ಲಿ ಕಟ್ಟಿ, ಪಟ್ಟಣದ ಅಪಾಯಕಾರಿ ಕಸದ ವ್ಯವಸ್ಥೆಗೆ ಒಪ್ಪಿಸಬೇಕು. ಹೊಳೆಗಾಗಲಿ ಹಿತ್ತಲಿಗಾಗಲಿ ಚೆಲ್ಲಬಾರದು. ತರುವಾಯ ಸಾಬೂನಿನ ನೀರಿನಿಂದ ಒಮ್ಮೆ, ಬೇರೆ ತಿಳಿನೀರಿನಿಂದ ಮತ್ತೊಮ್ಮೆ, ನೆಲ ಗೋಡೆಗಳನ್ನು ಒರೆಸಬೇಕು. ಕೆಲಸಗಾರನು ಉಟ್ಟ ಬಟ್ಟೆಯನ್ನು ಅಲ್ಲಿಯೇ ಬಿಚ್ಚಿ, ಮಿಂದು, ಮನೆಗೆ ಹೋಗಬೇಕು. ಆತನ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆ ಯಜಮಾನನದು, ಧೂಳು ಕೂಲಿಯವನದು. ಯಜಮಾನನ ಬಾಗಿಲು ಒಂದೇ. ಬಣ್ಣಗಾರನು ವರ್ಷಕ್ಕೆ ಹತ್ತಾರು ಬಾಗಿಲುಗಳನ್ನು ಉಜ್ಜುವನು. ಒದ್ದೆ ಮಾಡಿ ಕೆರೆಯುವ ಕೆಲಸವು ನಿಧಾನವಾದದ್ದು. ಬಾಗಿಲಿನ ಲೆಕ್ಕದಿಂದ ಕೂಲಿ ಕೊಟ್ಟರೆ ಆತನು ಹಸಿವಿನ ಕಾರಣದಿಂದಲೇ ಯಂತ್ರವನ್ನು ಹಿಡಿಯುವನು. ದಿನದ ಲೆಕ್ಕದಿಂದ ಕೂಲಿಯನ್ನೂ, ಕೈಯಾರೆ ಮುಖವಾಡವನ್ನೂ ಕೊಡುವದು ಯಜಮಾನನ ಧರ್ಮ. ಹಾಗೆಯೇ ೨೦೨೧ರ ಜನವರಿಯಿಂದ ಆಟಿಕೆಗಳಿಗೆ ಜಾರಿಗೆ ಬಂದ ಗುಣಮಟ್ಟದ ಆಜ್ಞೆಯು ನೋಂದಣಿಯಾದ ಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟಿದೆ. ವಿನಾಯಿತಿಯು ಬಡ ಚಿತ್ರಗಾರನ ಮೇಲಿನ ಕರುಣೆ. ಆದರೆ ಕೂಸಿನ ಬಾಯಿಗೆ ವಿನಾಯಿತಿಯಿಲ್ಲವಷ್ಟೆ! ಸೀಸವಿಲ್ಲದ ಬಣ್ಣವು ಕುಶಲಕರ್ಮಿಯ ಕೈಗೆ ಸುಲಭವಾಗಿ ಸಿಗುವಂತೆ ಮಾಡುವದು ಗೋಕಾಕದ ಗೊಂಬೆಯನ್ನು ಹೊಗಳುವವರ ಹೊಣೆ. ಬಣ್ಣ ತೆಗೆದ ಮನೆಯ ಮಕ್ಕಳ ರಕ್ತವನ್ನು ಪರೀಕ್ಷಿಸುವದೂ ಯುಕ್ತವೇ. ನೂರು ಮಿಲಿಲೀಟರಿಗೆ ೫ ಮೈಕ್ರೋಗ್ರಾಮು ಮುಟ್ಟಿದರೆ ಸೀಸವು ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಸೂಚಿಸಿದೆ.

ಇತಿಹಾಸದ ಅಭಿಮಾನಿಗಳಲ್ಲಿ ಇನ್ನೊಂದು ಬಿನ್ನಹ. ಬಣ್ಣವೆಲ್ಲವನ್ನೂ ತೆಗೆದು ವಂಶಾವಳಿಯನ್ನು ಅಳಿಸಿಬಿಡಬೇಡಿರಿ. ಕೂಸುಗಳ ಕೈಗೆಟುಕದ ಎತ್ತರದಲ್ಲಿ, ಬೋದಿಗೆಯ ಹಿಂಭಾಗದಲ್ಲಿಯೋ ಮೇಲಿನ ಪಟ್ಟಿಯಲ್ಲಿಯೋ, ಅಂಗೈಯಗಲದ ಸ್ಥಳದಲ್ಲಿ ಎಲ್ಲ ಪದರುಗಳನ್ನೂ ಹಾಗೆಯೇ ಉಳಿಸಿ, ಮೇಲೆ ತಿಳಿಯಾದ ವಾರ್ನಿಶ್ ಬಳಿದು ಭದ್ರಪಡಿಸಿರಿ. ಅದರ ಚಿತ್ರವನ್ನೂ ತೆಗೆದಿಡಿರಿ. ಮನೆಯು ಯಾವ ಕಾಲದಲ್ಲಿ ಯಾವ ಬಣ್ಣವನ್ನು ಉಟ್ಟಿತ್ತೆಂಬದಕ್ಕೆ ಅದೇ ಸಾಕ್ಷಿ. ಉಳಿದ ಕಟ್ಟಿಗೆಗೆ ಹಿರಿಯರಂತೆ ಎಣ್ಣೆ ಸವರಿದರೆ ಸಾಕು.

ನಮ್ಮ ಮನೆಗಳ ಹೆಣ್ಣುಮಕ್ಕಳು ಬೆಳಗಾಗುತ್ತಲೇ ಅಂಗಳಕ್ಕೆ ನೀರು ಚಿಮುಕಿಸಿಯೇ ಕಸಬರಿಗೆ ಹಿಡಿಯುವರು. ಒಣ ನೆಲವನ್ನು ಗುಡಿಸಿದರೆ ಧೂಳು ಹೋಗುವದಿಲ್ಲ, ಎದ್ದು ಮತ್ತೆ ಮನೆಯೊಳಕ್ಕೇ ಬರುವದೆಂಬದು ಅವರಿಗೆ ಯಾರೂ ಕಲಿಸದ ಜ್ಞಾನ. ಜಿನೀವಾದ ಒಪ್ಪಂದವೂ ಬ್ರಿಸ್ಬೇನಿನ ವೈದ್ಯನ ಅನುಭವವೂ ಬೆಂಗಳೂರಿನ ಪರೀಕ್ಷೆಗಳೂ ಕೂಡಿ ಹೇಳುವದು ಈ ಮಾತನ್ನೇ. ತಲೆಬಾಗಿಲನ್ನು ಕೆತ್ತಿದ ಬಡಿಗನು ಅವಸರ ಮಾಡಿರಲಿಲ್ಲ. ಅದರ ಬಣ್ಣವನ್ನು ಇಳಿಸುವವರೂ ಅವಸರ ಮಾಡದಿರಲಿ.